ಆಟಿಸಂ ಇರೋ ಮಕ್ಕಳಿಗೆ ಮನೇಲಿ ಟಾಯ್ಲೆಟ್ ಅಭ್ಯಾಸ ಮಾಡಿಸೋದು ಹೇಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ನನ್ನ ಮಗನಿಗೆ ಆರು ವರ್ಷ ತುಂಬೋವರೆಗೂ ಡೈಪರ್ ಇತ್ತು. ಆಗ ನಂಗೆ ಸಿಗ್ತಿದ್ದ ಸಲಹೆ ಎರಡೇ ಥರ, ಸ್ವಲ್ಪ ಗದರಿಸಿ ಸರಿ ಹೋಗ್ತಾನೆ, ಇಲ್ಲಾಂದ್ರೆ ಬಿಟ್ಬಿಡಿ ತಾನಾಗೇ ಕಲೀತಾನೆ. ಎರಡನ್ನೂ ಮಾಡಿ ನೋಡಿದ್ವಿ, ಎರಡೂ ಆಗ್ಲಿಲ್ಲ. ಆಮೇಲೆ ಡಾಕ್ಟರು, ಥೆರಪಿಸ್ಟು, ಇದೇ ದಾರೀಲಿ ನಡೆದಿದ್ದ ಬೇರೆ ಅಪ್ಪ ಅಮ್ಮಂದಿರು ಹೇಳಿದ್ದು, ನಾವೇ ಬಿದ್ದು ಎದ್ದು ಕಲಿತಿದ್ದು ಎಲ್ಲಾ ಸೇರಿಸಿ ಇಲ್ಲಿ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ಔಷಧಿ ವಿಷಯ ಬಂದಲ್ಲೆಲ್ಲ ನಿಮ್ಮ ಮಗುವಿನ ಡಾಕ್ಟರ್ ಹತ್ರಾನೇ ಕೇಳಿ.

ಯಾವ ವಯಸ್ಸಿಗೆ ಶುರು ಮಾಡ್ಬೇಕು? ಮಾತು ಬರೋವರೆಗೂ ಕಾಯ್ಬೇಕಾ?

ಮಾತಿಗೋಸ್ಕರ ಕಾಯೋದು ಬೇಡ. ಒಂದು ಮಾತೂ ಆಡದ ಎಷ್ಟೋ ಮಕ್ಕಳು ಟಾಯ್ಲೆಟ್ ಕಲಿತಿದಾರೆ, ಚಿತ್ರ ತೋರಿಸಿ ಅಥವಾ ಕೈಸನ್ನೆ ಮಾಡಿ ಕೇಳ್ತಾರೆ. ಆಟಿಸಂ ಇರೋ ಮಕ್ಕಳು ಸಾಮಾನ್ಯವಾಗಿ ಬೇರೆ ಮಕ್ಕಳಿಗಿಂತ ತಡವಾಗಿ ಕಲೀತಾರೆ, ಹಾಗಂತ ಪಕ್ಕದ ಮನೆ ಮಗು ಎರಡೂವರೆಗೆ ಕಲಿತ್ಬಿಡ್ತು ಅಂತ ಹೋಲಿಸಿಕೊಂಡು ಕೊರಗೋದ್ರಿಂದ ಏನೂ ಸಿಗಲ್ಲ. ವಯಸ್ಸು ನೋಡೋ ಬದಲು ಇದನ್ನ ನೋಡಿ: ಒಂದರಿಂದ ಎರಡು ಗಂಟೆ ಡೈಪರ್ ಒಣಗಿರುತ್ತಾ, ಎರಡು ಮೂರು ನಿಮಿಷ ಒಂದು ಕಡೆ ಕೂರ್ತಾನಾ, ಚಡ್ಡಿ ಎಳ್ಕೊಳ್ಳೋಕೆ ಕೈ ಜೋಡಿಸ್ತಾನಾ. ಬುಕ್ಕುಗಳಲ್ಲಿ ಹೇಳೋ "ತಾನಾಗೇ ಆಸಕ್ತಿ ತೋರಿಸ್ಬೇಕು" ಅನ್ನೋ ಲಕ್ಷಣ ನಮ್ಮ ಮಕ್ಕಳಲ್ಲಿ ಬರದೇ ಇರಬಹುದು, ಅದಕ್ಕೋಸ್ಕರ ವರ್ಷಗಟ್ಟಲೆ ಕಾದು ಕೂರೋದು ಸರಿಯಲ್ಲ ಅಂತ ನನ್ನ ಅನುಭವ. ಮನೆ ಬದಲಾಯಿಸೋವಾಗ, ಹೊಸ ಪಾಪು ಬಂದಾಗ, ಸ್ಕೂಲ್ ಶುರುವಾದ ವಾರ, ಆಗ ಮಾತ್ರ ಬೇಡ.

ಶುರು ಮಾಡೋಕೆ ಮುಂಚೆ ಏನು ಮಾಡ್ಬೇಕು?

ಹೊಟ್ಟೆ ನೋಡಿ, ಅಂದ್ರೆ ಮಲಬದ್ಧತೆ ಇದೆಯಾ ಅಂತ. ಈ ಇಡೀ ಪುಟದಲ್ಲಿ ಒಂದೇ ಒಂದು ವಿಷಯ ತಲೇಲಿ ಇಟ್ಕೊಳ್ಳಿ ಅಂದ್ರೆ ಇದನ್ನೇ ಹೇಳ್ತೀನಿ, ಯಾಕಂದ್ರೆ ನಾವು ಒಂದೂವರೆ ವರ್ಷ ಇದರಲ್ಲೇ ಹಾಳು ಮಾಡಿದ್ವಿ.

ನನ್ನ ಮಗ ಕಿಟಕಿ ಪರದೆ ಹಿಂದೆ ಹೋಗಿ, ಪರದೆ ಅಂಚನ್ನ ಎರಡೂ ಕೈಲಿ ಬಿಗಿಯಾಗಿ ಹಿಡ್ಕೊಂಡು, ತುದಿಗಾಲಲ್ಲಿ ನಿಂತು ಕಾಲು ಕತ್ತರಿ ಹಾಕ್ಕೊಂಡು ಮುಖ ಕೆಂಪಗೆ ಮಾಡ್ಕೊಳ್ತಿದ್ದ. ಮುಕ್ಕುತ್ತಿದಾನೆ, ಕಕ್ಕ ಬರ್ತಿದೆ ಅಂತ ನಾವು ಎತ್ಕೊಂಡು ಓಡ್ತಿದ್ವಿ, ಅಲ್ಲಿ ಕೂರಿಸಿದ್ರೆ ಕಿರುಚಾಟ. ಆಮೇಲೆ ಡಾಕ್ಟರ್ ಹೇಳಿದಾಗ ಗೊತ್ತಾಗಿದ್ದು ಅವನು ಮುಕ್ಕುತ್ತಿರಲಿಲ್ಲ, ತಡೆ ಹಿಡೀತಿದ್ದ. ಯಾವಾಗ್ಲೋ ಒಂದ್ಸಲ ಗಟ್ಟಿಯಾಗಿ ಹೋಗಿ ನೋವಾಗಿದೆ, ನೋವಾಗುತ್ತೆ ಅಂತ ತಡೆದಿದಾನೆ, ತಡೆದಷ್ಟೂ ಕರುಳಲ್ಲಿ ನೀರಿನಂಶ ಹೀರ್ಕೊಂಡು ಮಲ ಇನ್ನೂ ಗಟ್ಟಿಯಾಗಿದೆ, ಮುಂದಿನ ಸಲ ಇನ್ನೂ ನೋವು. ಹೀಗೇ ತುಂಬಾ ದಿನ ತುಂಬ್ಕೊಂಡಿದ್ರೆ ಗುದನಾಳ ಹಿಗ್ಗಿ ಅಲ್ಲಿನ ಸೂಚನೆಯೇ ಮಗುವಿಗೆ ಸರಿಯಾಗಿ ಗೊತ್ತಾಗಲ್ಲ. ಗಟ್ಟಿ ಮಲದ ಪಕ್ಕದಿಂದ ತೆಳ್ಳಗಿರೋದು ಸೋರಿ ಚಡ್ಡೀಲಿ ಕಲೆ ಆಗುತ್ತೆ, ಮನೆಯವರು ಅದನ್ನ ಭೇದಿ ಅಂದ್ಕೊಳ್ತಾರೆ. ಅಷ್ಟೇ ಅಲ್ಲ, ತುಂಬಿದ ಕರುಳು ಪಕ್ಕದ ಮೂತ್ರಕೋಶವನ್ನ ಒತ್ತೋದ್ರಿಂದ ಸುಸ್ಸು ಕೂಡ ಪದೇ ಪದೇ ಆಗ್ತಿರುತ್ತೆ.

ಬ್ರಿಸ್ಟಲ್ ಚಾರ್ಟ್ ಅಂತ ಒಂದಿದೆ, 1997ರಲ್ಲಿ ಪ್ರಕಟ ಆಗಿದ್ದು, ಮಲದ ಆಕಾರವನ್ನ 7 ಥರ ಮಾಡಿ ಚಿತ್ರ ಕೊಟ್ಟಿದಾರೆ. 1 ಮತ್ತು 2, ಅಂದ್ರೆ ಹಿಕ್ಕೆ ಥರ ಉಂಡೆ ಉಂಡೆ ಅಥವಾ ಗಂಟು ಗಂಟಾಗಿರೋ ಗಟ್ಟಿ ಮಲ ಬಂದ್ರೆ ಮಲಬದ್ಧತೆ. 3, 4 ಚೆನ್ನಾಗಿದೆ ಅಂತ ಅರ್ಥ. ನಿಮ್ಮ ಮಗುವಿಗೆ ಯಾವ ನಂಬರ್ ಅಂತ ಒಂದು ವಾರ ಬರೆದಿಟ್ಟು ಡಾಕ್ಟರ್‌ಗೆ ತೋರಿಸಿ, ಅರ್ಧ ಕೆಲಸ ಆದಂಗೆ. ಮಲ ಮೆತ್ತಗೆ ಮಾಡೋ ಮ್ಯಾಕ್ರೊಗಾಲ್, ಲ್ಯಾಕ್ಟುಲೋಸ್ ಥರದ ಔಷಧಿ ಅವರು ಬರೆದುಕೊಟ್ರೆ ನಾಲ್ಕು ದಿನ ಕೊಟ್ಟು ಸರಿ ಹೋಯ್ತು ಅಂತ ನಿಲ್ಲಿಸ್ಬೇಡಿ, ಹಿಗ್ಗಿದ ಕರುಳು ಮೊದಲಿನಂಗೆ ಆಗೋಕೆ ತಿಂಗಳುಗಟ್ಟಲೆ ಬೇಕಾಗುತ್ತೆ, ಎಷ್ಟು ದಿನ ಅಂತ ಅವರೇ ಹೇಳ್ಲಿ. ಈ ಮಕ್ಕಳು ಊಟದಲ್ಲಿ ಮೂರೋ ನಾಕೋ ಪದಾರ್ಥ ಬಿಟ್ಟು ಬೇರೆ ಮುಟ್ಟಲ್ಲ, ನಾರಿನಂಶ ಕಮ್ಮಿ, ನೀರು ಕುಡಿಯೋದೂ ಕಮ್ಮಿ, ಹಾಗಾಗಿ ಇದು ಇವರಲ್ಲಿ ತುಂಬಾನೇ ಸಾಮಾನ್ಯ.

ಒದ್ದೆ ಚಡ್ಡೀಲೇ ಆರಾಮಾಗಿ ಆಟ ಆಡ್ತಾನೆ, ಗೊತ್ತಾಗಲ್ವಾ ಅಥವಾ ಹಠಾನಾ?

ಹಠ ಅಲ್ಲ. ಹಸಿವು, ಬಾಯಾರಿಕೆ, ಸುಸ್ಸು ಬರ್ತಿದೆ ಅನ್ನೋ ದೇಹದ ಒಳಗಿನ ಸೂಚನೆಗಳನ್ನ ಗುರುತಿಸೋದಕ್ಕೆ ಇಂಟರೊಸೆಪ್ಷನ್ ಅಂತಾರೆ, ಆಟಿಸಂ ಇರೋ ತುಂಬಾ ಜನಕ್ಕೆ ಇದು ಮಂದ ಇರುತ್ತೆ, ಅಥವಾ ಕೊನೇ ಗಳಿಗೇಲಿ ಒಮ್ಮೆಲೇ ಗೊತ್ತಾಗುತ್ತೆ. ಜೊತೆಗೆ ಈಗಿನ ಡೈಪರ್‌ಗಳು ಎಷ್ಟು ಚೆನ್ನಾಗಿ ಹೀರ್ಕೊಳ್ತವೆ ಅಂದ್ರೆ ಒದ್ದೆ ಆಗಿದ್ದೇ ಚರ್ಮಕ್ಕೆ ತಿಳಿಯಲ್ಲ. ಅದಕ್ಕೇ ಅಭ್ಯಾಸ ಶುರುವಾದ್ಮೇಲೆ ಎದ್ದಿರೋ ಹೊತ್ತಲ್ಲಿ ಕಾಟನ್ ಚಡ್ಡಿ ಹಾಕಿ. ಒದ್ದೆಯಾದಾಗ ಅವನ ಕೈಯನ್ನೇ ಮುಟ್ಟಿಸಿ "ಒದ್ದೆ" ಅನ್ನಿ, ಬದಲಾಯಿಸಿದ್ಮೇಲೆ ಮುಟ್ಟಿಸಿ "ಒಣ" ಅನ್ನಿ, ಅಷ್ಟೇ, ಅದರ ಮೇಲೆ ಭಾಷಣ ಬೇಡ. ಅವನು ಕುಣಿಯೋದು, ಕಾಲು ಒತ್ಕೊಳ್ಳೋದು ಕಂಡಾಗಲೂ "ನಿನ್ನ ಮೈ ಸುಸ್ಸು ಅಂತಿದೆ" ಅಂತ ಹೇಳಿ, ಆ ಅನುಭವಕ್ಕೆ ಒಂದು ಹೆಸರು ಸಿಗುತ್ತೆ.

ಎಷ್ಟು ಹೊತ್ತಿಗೊಮ್ಮೆ ಕರ್ಕೊಂಡು ಹೋಗ್ಬೇಕು?

ಲೆಕ್ಕ ಇಲ್ಲದೆ ಶುರು ಮಾಡ್ಬೇಡಿ. ಮೊದಲು ನಾಕೈದು ದಿನ ಏನೂ ಕಲಿಸದೆ ಬರೀ ನೋಡಿ: ಅರ್ಧ ಗಂಟೆಗೊಮ್ಮೆ ಡೈಪರ್ ಮುಟ್ಟಿ ಒಣ ಇದೆಯಾ ಒದ್ದೆನಾ ಅಂತ ಒಂದು ಹಾಳೇಲಿ ಟೈಮ್ ಸಮೇತ ಬರೀರಿ, ಕುಡಿದಿದ್ದು ತಿಂದಿದ್ದನ್ನೂ ಬರೀರಿ. ಬಹಳಷ್ಟು ಮಕ್ಕಳಲ್ಲಿ ಒಂದು ಕ್ರಮ ಕಾಣುತ್ತೆ. ಒಂದೂವರೆ ಗಂಟೆಗೊಮ್ಮೆ ಒದ್ದೆ ಆಗ್ತಿದ್ರೆ ಒಂದು ಗಂಟೆ ಹದಿನೈದು ನಿಮಿಷಕ್ಕೆ ಕರ್ಕೊಂಡು ಹೋಗಿ. ಕಕ್ಕಕ್ಕೆ ಊಟ ಆದ ಹದಿನೈದರಿಂದ ಮೂವತ್ತು ನಿಮಿಷ ಒಳ್ಳೇ ಹೊತ್ತು, ಹೊಟ್ಟೆಗೆ ಊಟ ಬಿದ್ದಾಗ ದೊಡ್ಡ ಕರುಳು ತಾನಾಗೇ ಚಲಿಸೋಕೆ ಶುರು ಮಾಡುತ್ತೆ.

ಕೂರಿಸೋದು ಮೂರರಿಂದ ಐದು ನಿಮಿಷ ಸಾಕು, ಶುರೂಲಿ ಹತ್ತು ಎಣಿಸೋವಷ್ಟೇ ಕೂತ್ರೂ ಗೆದ್ದಂಗೇನೇ. ಬರೋವರೆಗೂ ಬಿಡಲ್ಲ ಅಂತ ಅರ್ಧ ಗಂಟೆ ಹಿಡಿದು ಕೂರಿಸಿದ್ರೆ ಟಾಯ್ಲೆಟ್ ಅಂದ್ರೆ ಶಿಕ್ಷೆ ಅಂತ ಮನಸ್ಸಲ್ಲಿ ಕೂತ್ಬಿಡುತ್ತೆ. ಕಾಲು ಜೋತಾಡ್ಬಾರ್ದು, ಕೆಳಗೆ ಸ್ಟೂಲ್ ಇಟ್ಟು ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರೋ ಹಾಗೆ ನೋಡ್ಕೊಳ್ಳಿ. ಕಾಲಿಗೆ ಆಧಾರ ಇಲ್ಲದಿದ್ರೆ ಬೀಳೋ ಭಯಕ್ಕೆ ಮೈಯೆಲ್ಲಾ ಬಿಗಿ ಹಿಡೀತಾರೆ, ಬಿಗಿ ಹಿಡಿದ ಮೈಯಿಂದ ಏನೂ ಹೊರಗೆ ಬರಲ್ಲ. ಗಂಡು ಮಕ್ಕಳಿಗೂ ಮೊದಲು ಕೂತೇ ಕಲಿಸಿ, ನಿಂತು ಮಾಡೋದು ಆಮೇಲೆ ಬರುತ್ತೆ.

ಇನ್ನೊಂದು, "ಸುಸ್ಸು ಬರ್ತಿದೆಯಾ?" ಅಂತ ಕೇಳ್ಬೇಡಿ. ಉತ್ತರ ಯಾವಾಗ್ಲೂ "ಇಲ್ಲ" ಅಂತಾನೇ ಬರುತ್ತೆ. "ಈಗ ಟಾಯ್ಲೆಟ್" ಅಂತ ಹೇಳಿ. ಅಜ್ಜಿ ಒಂದು ಪದ, ಅಪ್ಪ ಒಂದು ಪದ, ಸ್ಕೂಲಲ್ಲಿ ಇನ್ನೊಂದು ಪದ ಆದ್ರೆ ಮಗುವಿಗೆ ಅದು ಮೂರು ಬೇರೆ ಬೇರೆ ವಿಷಯ, ಎಲ್ಲರೂ ಒಂದೇ ಪದ ಬಳಸಿ.

ಬಾತ್‌ರೂಮ್ ಬಾಗಿಲ ಹತ್ರ ಹೋದ್ರೇನೇ ಅಳ್ತಾಳೆ, ಏನು ಮಾಡೋದು?

ಒಳಗೆ ಹೋಗಿ ಒಂದು ನಿಮಿಷ ಸುಮ್ನೆ ನಿಂತು ಅವಳ ಕಿವೀಲಿ ಕೇಳಿ, ಅವಳ ಮೂಗಲ್ಲಿ ಮೂಸಿ. ಎಕ್ಸಾಸ್ಟ್ ಫ್ಯಾನ್ ಸದ್ದು, ಗೋಡೆಗಳ ಪ್ರತಿಧ್ವನಿ, ಫಿನಾಯಿಲ್ ವಾಸನೆ, ತಣ್ಣಗಿನ ಸೀಟು, ಒದ್ದೆ ನೆಲ, ಕಣ್ಣಿಗೆ ಹೊಡೆಯೋ ಲೈಟು, ಅದರಲ್ಲಿ ಯಾವುದು ಚುಚ್ಚುತ್ತಿದೆ ಅಂತ ಹುಡುಕಿ ತೆಗೀರಿ. ನಮ್ಮ ಮನೇಲಿ ಫ್ಲಶ್. ಬಟನ್ ಕಡೆ ನನ್ನ ಕೈ ಹೋದ ತಕ್ಷಣ ಅವನು ಎರಡೂ ಕಿವಿ ಮುಚ್ಕೊಂಡು ಚಡ್ಡಿ ಮಂಡೀಲಿರೋವಾಗ್ಲೇ ಓಡ್ತಿದ್ದ. ಅದಕ್ಕೆ ಏನು ಮಾಡಿದ್ವಿ ಅಂದ್ರೆ ಎರಡು ವಾರ ಅವನಿದ್ದಾಗ ಫ್ಲಶ್ಶೇ ಮಾಡ್ಲಿಲ್ಲ. ಆಮೇಲೆ ಅವನು ದೂರದ ರೂಮಲ್ಲಿದ್ದಾಗ, ಮುಂದೆ ಹೊರಗಡೆ ಬಾಗಿಲು ಮುಚ್ಕೊಂಡಿದ್ದಾಗ, ಆಮೇಲೆ ಬಾಗಿಲು ತೆಗೆದು, ಹೀಗೆ ಹೆಜ್ಜೆ ಹೆಜ್ಜೆಯಾಗಿ ಹತ್ರ ಬಂದ್ವಿ, ಪ್ರತಿ ಸಲ "ಒಂದು, ಎರಡು, ಮೂರು, ಫ್ಲಶ್" ಅಂತ ಹೇಳಿ. ಒಂದಿನ ಅವನೇ ಮೂರು ಅಂದು ಬಟನ್ ಒತ್ತಿದ, ಕಿವಿಯಿಂದ ಒಂದು ಕೈ ಮಾತ್ರ ತೆಗೆದು.

ಒಳಗೆ ಬರೋದೇ ಕಷ್ಟ ಇರೋ ಮಗುವಿಗೆ ಮೊದಲ ವಾರದ ಗುರಿ ಬಾಗಿಲ ಹತ್ರ ನಿಲ್ಲೋದು, ಅಷ್ಟೇ ಇರ್ಲಿ. ಮುಚ್ಚಳ ಹಾಕಿರೋ ಕಮೋಡ್ ಮೇಲೆ ಬಟ್ಟೆ ಹಾಕ್ಕೊಂಡೇ ಕೂತು ಇಷ್ಟದ ಬುಕ್ ನೋಡೋದು ಮುಂದಿನ ವಾರ.

ಚಿತ್ರಗಳನ್ನ ಬಳಸೋದು ಹೇಗೆ?

ನಿಮ್ಮದೇ ಬಾತ್‌ರೂಮಿನ ಫೋಟೋ ತೆಗೀರಿ, ಅದು ಬೇರೆ ಎಲ್ಲಾ ಚಿತ್ರಕ್ಕಿಂತ ಬೇಗ ಅರ್ಥ ಆಗುತ್ತೆ. ಚಡ್ಡಿ ಕೆಳಗೆ, ಕೂರೋದು, ತೊಳೆಯೋದು ಅಥವಾ ಒರೆಸೋದು, ಚಡ್ಡಿ ಮೇಲೆ, ಫ್ಲಶ್, ಕೈ ತೊಳೆಯೋದು, ಈ ಕ್ರಮದಲ್ಲಿ ಮಗುವಿನ ಕಣ್ಣೆತ್ತರಕ್ಕೆ ಅಂಟಿಸಿ, ಮುಗಿದಿದ್ದನ್ನ ಒಂದೊಂದಾಗಿ ತಿರುಗಿಸೋ ಹಾಗಿದ್ರೆ ಇನ್ನೂ ಒಳ್ಳೇದು. "ಮೊದಲು ಟಾಯ್ಲೆಟ್, ಆಮೇಲೆ ಬಾಲ್" ಅಂತ ಎರಡೇ ಚಿತ್ರದ ಬೋರ್ಡ್ ತುಂಬಾ ಕೆಲಸ ಮಾಡುತ್ತೆ. ಮಾತಿಲ್ಲದ ಮಗುವಿಗೆ ಟಾಯ್ಲೆಟ್ ಚಿತ್ರದ ಒಂದು ಕಾರ್ಡ್ ಯಾವಾಗ್ಲೂ ಕೈಗೆ ಸಿಗೋ ಕಡೆ ಇರ್ಲಿ, ಪ್ರತಿ ಸಲ ಹೋಗೋಕೆ ಮುಂಚೆ ಅವನ ಕೈಯಿಂದಾನೇ ಅದನ್ನ ನಿಮಗೆ ಕೊಡಿಸಿ, ಮುಂದೊಂದು ದಿನ ಅದೇ ಅವನ ಮಾತು.

ಬಹುಮಾನ ಕೊಟ್ರೆ ಲಂಚ ಕೊಟ್ಟಂಗಲ್ವಾ?

ಅಲ್ಲ. ದೊಡ್ಡವರು ಮೆಚ್ತಾರೆ, ಅಣ್ಣ ಅಕ್ಕನ ಥರ ದೊಡ್ಡವನಾಗ್ಬೇಕು ಅನ್ನೋ ಆಸೆಯಿಂದ ಬೇರೆ ಮಕ್ಕಳು ಕಲೀತಾರೆ, ನಮ್ಮ ಮಕ್ಕಳಿಗೆ ಅದರಲ್ಲಿ ಅಷ್ಟು ಸೆಳೆತ ಇರದೇ ಇರಬಹುದು, ಹಾಗಾಗಿ ಅವರಿಗೆ ನಿಜಕ್ಕೂ ಏನಿಷ್ಟವೋ ಅದನ್ನೇ ಕೊಡ್ಬೇಕು. ಸ್ಟಿಕ್ಕರ್ ಇಷ್ಟ ಇಲ್ಲದ ಮಗುವಿಗೆ ನೂರು ಸ್ಟಿಕ್ಕರ್ ಕೊಟ್ರೂ ಪ್ರಯೋಜನ ಇಲ್ಲ. ತಿರುಗೋ ಬುಗುರಿ, ಎರಡು ನಿಮಿಷದ ವಿಡಿಯೋ, ಮೇಲಕ್ಕೆತ್ತಿ ಗಿರಗಿರ ತಿರುಗಿಸೋದು, ಏನಾದ್ರೂ ಸರಿ, ಆದ್ರೆ ಅದು ಟಾಯ್ಲೆಟ್‌ಗೆ ಮಾತ್ರ ಮೀಸಲು, ಬೇರೆ ಹೊತ್ತಲ್ಲಿ ಸಿಗ್ಬಾರ್ದು. ಒಂದು ಹನಿ ಬಿದ್ರೂ ಅಲ್ಲೇ, ಆಗಲೇ ಕೊಡ್ಬೇಕು, ಸಂಜೆ ಕೊಡ್ತೀನಿ ಅಂದ್ರೆ ಯಾವುದಕ್ಕೆ ಸಿಕ್ತು ಅಂತಾನೇ ಗೊತ್ತಾಗಲ್ಲ. ಅಭ್ಯಾಸ ಗಟ್ಟಿಯಾದ್ಮೇಲೆ ಎರಡು ಸಲಕ್ಕೊಂದು, ಮೂರು ಸಲಕ್ಕೊಂದು ಅಂತ ಕಮ್ಮಿ ಮಾಡ್ತಾ ಬನ್ನಿ.

ಚಡ್ಡೀಲಿ ಮಾಡ್ಕೊಂಡ್ರೆ ಗದರಿಸ್ಬೇಕಾ?

ಬೇಡ್ವೇ ಬೇಡ. 1971ರಲ್ಲಿ ನೇಥನ್ ಆಜ್ರಿನ್ ಮತ್ತು ರಿಚರ್ಡ್ ಫಾಕ್ಸ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು, ಸಂಸ್ಥೆಯಲ್ಲಿದ್ದ ಬೌದ್ಧಿಕ ಅಸಮರ್ಥತೆ ಇರೋ ದೊಡ್ಡವರಿಗೆ ಬೇಗ ಟಾಯ್ಲೆಟ್ ಕಲಿಸೋ ವಿಧಾನ ಪ್ರಕಟ ಮಾಡಿದ್ರು. ಜಾಸ್ತಿ ಕುಡಿಸೋದು, ಪದೇ ಪದೇ ಕೂರಿಸೋದು, ಒದ್ದೆಯಾದ್ರೆ ಸದ್ದು ಮಾಡೋ ಅಲಾರಂ, ಬಹುಮಾನ ಇವೆಲ್ಲ ಅದರಲ್ಲಿತ್ತು, ಜೊತೆಗೆ ತಪ್ಪಿಗೆ ಶಿಕ್ಷೆ ಥರದ ಕ್ರಮಗಳೂ ಇದ್ದವು. ಇವತ್ತು ಕಲಿಸೋ ಎಷ್ಟೋ ವಿಧಾನಗಳ ಬೇರು ಅಲ್ಲೇ ಇದೆ, ಆದ್ರೆ ಶಿಕ್ಷೆ ಭಾಗವನ್ನ ಕೈಬಿಟ್ಟು ಬಹುಮಾನದ ಭಾಗವನ್ನಷ್ಟೇ ಉಳಿಸ್ಕೊಂಡಿದಾರೆ, ಸರಿಯಾಗಿಯೇ ಮಾಡಿದಾರೆ. ಗದರಿಸಿದ್ರೆ ಮಗು ಕಲಿಯೋದು ಬಚ್ಚಿಟ್ಕೊಂಡು ಮಾಡೋದನ್ನ, ತಡೆ ಹಿಡಿಯೋದನ್ನ. ಮುಖದಲ್ಲಿ ಏನೂ ತೋರಿಸ್ದೆ, "ಕಕ್ಕ ಟಾಯ್ಲೆಟ್‌ನಲ್ಲಿ" ಅಂತ ಒಂದೇ ಮಾತು ಹೇಳಿ ಅಲ್ಲಿಗೇ ಕರ್ಕೊಂಡು ಹೋಗಿ ಬದಲಾಯಿಸಿ. ಕೆಲವು ಮಕ್ಕಳಿಗೆ ನಮ್ಮ ಕೂಗಾಟವೇ ಮಜಾ ಕೊಡುತ್ತೆ, ಅದಕ್ಕೂ ಸೇರಿ ಸಪ್ಪೆಯಾಗಿರೋದೇ ಸರಿ.

ಮೂರೇ ದಿನದಲ್ಲಿ ಕಲಿಸ್ಬಹುದು ಅಂತಾರಲ್ಲ?

ಕೆಲವು ಮಕ್ಕಳಿಗೆ ಆಗಿರಬಹುದು. ಹೆಚ್ಚಿನವರಿಗೆ ವಾರಗಳು, ತಿಂಗಳುಗಳು. ನಮಗೆ ಸುಸ್ಸುವಿಗೆ ನಾಲ್ಕು ತಿಂಗಳು, ಕಕ್ಕಕ್ಕೆ ಇನ್ನೂ ಏಳು.

ಸುಸ್ಸು ಕಲಿತ, ಆದ್ರೆ ಕಕ್ಕ ಬಂದಾಗ ಡೈಪರ್ ತಂದುಕೊಡ್ತಾನೆ. ಡೈಪರ್ ಕೊಡಲ್ಲ ಅಂದುಬಿಡ್ಲಾ?

ಅಂದುಬಿಡ್ಬೇಡಿ, ತಡೆ ಹಿಡಿದು ಮತ್ತೆ ಮಲಬದ್ಧತೆ ಬರುತ್ತೆ. ಮತ್ತೆ, ಡೈಪರ್ ತಂದು ಕೊಡ್ತಾನೆ ಅಂದ್ರೆ ಅವನಿಗೆ ಸೂಚನೆ ಗೊತ್ತಾಗ್ತಿದೆ, ತಡೆಯೋಕೂ ಬರುತ್ತೆ, ನಿಮಗೆ ತಿಳಿಸ್ತಾನೂ ಇದಾನೆ. ಅದು ದೊಡ್ಡ ವಿಷಯ. ಡೈಪರ್ ಕೊಡಿ, ಜಾಗ ಮಾತ್ರ ನಿಧಾನಕ್ಕೆ ಬದಲಾಯಿಸಿ. ಮೊದಲು ಬಾತ್‌ರೂಮ್ ಒಳಗೆ ಡೈಪರ್ ಹಾಕ್ಕೊಂಡು ನಿಂತು, ಆಮೇಲೆ ಮುಚ್ಚಿದ ಕಮೋಡ್ ಮೇಲೆ ಡೈಪರ್‌ನಲ್ಲೇ ಕೂತು, ಆಮೇಲೆ ಮುಚ್ಚಳ ತೆಗೆದು, ಆಮೇಲೆ ಡೈಪರನ್ನ ಸಡಿಲ ಮಾಡಿ, ತಳದಲ್ಲಿ ಸಣ್ಣ ತೂತು ಕತ್ತರಿಸಿ, ಆ ತೂತನ್ನ ದಿನ ದಿನಕ್ಕೆ ದೊಡ್ಡದು ಮಾಡ್ತಾ. ಕೊನೆಗೆ ನನ್ನ ಮಗನ ಸೊಂಟದಲ್ಲಿ ಉಳಿದಿದ್ದು ಡೈಪರಿನ ಪಟ್ಟಿ ಮಾತ್ರ, ಅದನ್ನೂ ಒಂಬತ್ತು ದಿನ ಕಟ್ಕೊಂಡೇ ಕೂತ. ಹತ್ತನೇ ದಿನ ಪಟ್ಟಿ ಕೇಳ್ಲೇ ಇಲ್ಲ. ಒಂದು ಹಂತದಲ್ಲಿ ಭಯ ಕಂಡ್ರೆ ಹಿಂದಿನ ಹಂತಕ್ಕೆ ಹೋಗಿ ಇನ್ನೊಂದು ವಾರ ಅಲ್ಲೇ ಇರಿ.

ಮಲವನ್ನ ಗೋಡೆಗೆ, ಮೈಗೆ ಬಳೀತಾಳೆ. ಯಾರ ಹತ್ರಾನೂ ಹೇಳ್ಕೊಳ್ಳೋಕಾಗ್ತಿಲ್ಲ.

ನೀವೊಬ್ರೇ ಅಲ್ಲ, ಹೇಳ್ಕೊಳ್ಳೋರು ಕಮ್ಮಿ ಅಷ್ಟೇ. ಇದರ ಹಿಂದೆ ಕಾರಣ ಇರುತ್ತೆ: ಮಲಬದ್ಧತೆ, ಹುಳದಿಂದ ಗುದದ ಹತ್ರ ನವೆ, ಸರಿಯಾಗಿ ತೊಳ್ಕೊಳ್ಳೋಕೆ ಬರದೇ ಇರೋದು, ಅಥವಾ ಆ ಮೆತ್ತನೆ ಸ್ಪರ್ಶ, ವಾಸನೆ ಬೇಕನ್ನಿಸೋದು. ಮೊದಲ ಎರಡನ್ನ ಡಾಕ್ಟರ್ ನೋಡ್ಲಿ. ಸ್ಪರ್ಶಕ್ಕೋಸ್ಕರ ಆಗಿದ್ರೆ ಆಟದ ಜೇಡಿ, ನೊರೆ, ಹಿಟ್ಟಿನ ಮುದ್ದೆ ಥರದ್ದನ್ನ ದಿನಾ ನಿಗದಿ ಹೊತ್ತಲ್ಲಿ ಕೊಡಿ. ಬೆನ್ನ ಕಡೆ ಜಿಪ್ ಇರೋ ಇಡೀ ಮೈ ಬಟ್ಟೆ ಹಾಕಿದ್ರೆ ಕೈ ಒಳಗೆ ಹೋಗಲ್ಲ, ಕಾರಣ ಸಿಗೋವರೆಗೂ ಅದು ಉಸಿರಾಡೋಕೆ ಸಮಯ ಕೊಡುತ್ತೆ. ಸ್ವಚ್ಛ ಮಾಡೋವಾಗ ಮಾತು ಕಮ್ಮಿ, ಬೆಚ್ಚಗಿನ ನೀರಲ್ಲಿ ಖುಷಿಯಾಗಿ ಆಟ ಆಡಿಸಿ ಸ್ನಾನ ಮಾಡಿಸಿದ್ರೆ ಅದೇ ಬಹುಮಾನ ಆಗ್ಬಿಡುತ್ತೆ, ಒರೆಸಿ ತೊಳೆದು ಮುಗಿಸಿ.

ನಾವು ಕರೆದ್ರೆ ಮಾತ್ರ ಹೋಗ್ತಾನೆ, ತಾನಾಗಿ ಕೇಳಲ್ಲ.

ಸಾಮಾನ್ಯ. ನಮ್ಮ ಮಾತೇ ಅವನಿಗೆ ಸೂಚನೆ ಆಗ್ಬಿಟ್ಟಿರುತ್ತೆ. ಮಾತನ್ನ ಕಮ್ಮಿ ಮಾಡಿ ಬರೀ ಕಾರ್ಡ್ ತೋರಿಸಿ, ಆಮೇಲೆ ಬರೀ ಟೈಮರ್, ಆಮೇಲೆ ಟೈಮರ್ ಹೊತ್ತನ್ನೂ ಹತ್ತು ಹತ್ತು ನಿಮಿಷ ಮುಂದಕ್ಕೆ ತಳ್ಳಿ, ಆ ಅಂತರದಲ್ಲಿ ಒಳಗಿನ ಒತ್ತಡ ಅವನಿಗೆ ಗೊತ್ತಾಗೋಕೆ ಜಾಗ ಸಿಗುತ್ತೆ. ತಾನಾಗಿ ಆ ಕಡೆ ಒಂದು ಹೆಜ್ಜೆ ಇಟ್ರೂ ದೊಡ್ಡ ಬಹುಮಾನ ಅದಕ್ಕೇ ಇರ್ಲಿ.

ಮನೇಲಿ ಹೋಗ್ತಾಳೆ, ಸ್ಕೂಲಲ್ಲಿ, ನೆಂಟರ ಮನೇಲಿ ಇಡೀ ದಿನ ತಡ್ಕೊಂಡಿರ್ತಾಳೆ.

ಒಂದು ಕಡೆ ಕಲಿತಿದ್ದು ಇನ್ನೊಂದು ಕಡೆ ತಾನಾಗೇ ಬರಲ್ಲ, ಅವಳ ಪಾಲಿಗೆ ಅದು ಬೇರೆಯದೇ ಟಾಯ್ಲೆಟ್. ಮನೇಲಿ ಬಳಸೋ ಮಡಚೋ ಸೀಟು, ಅದೇ ಚಿತ್ರಗಳ ಚಿಕ್ಕ ಸೆಟ್ ಬ್ಯಾಗಲ್ಲಿಡಿ. ಹೋಗೋ ಜಾಗದ ಟಾಯ್ಲೆಟ್ ಫೋಟೋ ಮೊದಲೇ ತರಿಸ್ಕೊಂಡು ತೋರಿಸಿ. ಸ್ಕೂಲಿನ ಟೀಚರ್‌ಗೆ ನಿಮ್ಮ ಪದ, ಹೊತ್ತು, ಬಹುಮಾನ ಎಲ್ಲಾ ಒಂದು ಹಾಳೇಲಿ ಬರೆದುಕೊಡಿ. ಕೈ ಒಣಗಿಸೋ ಮಷೀನ್ ಇರೋ ಕಡೆ ಕಿವಿಗೆ ಹೆಡ್‌ಫೋನ್. ಬಾಗಿಲು ಮುಚ್ಚೋದು, ಯಾರು ಸಹಾಯ ಮಾಡ್ಬಹುದು ಯಾರು ಮಾಡ್ಬಾರ್ದು ಅನ್ನೋದನ್ನ ಈಗಲೇ ಕಲಿಸಿ, ಮಾತಿಲ್ಲದ ಮಕ್ಕಳಿಗೆ ಇದು ಇನ್ನೂ ಮುಖ್ಯ.

ರಾತ್ರಿ ಹಾಸಿಗೆ ಒದ್ದೆ ಆಗುತ್ತೆ.

ಹಗಲಿಂದು ಗಟ್ಟಿ ಆಗೋವರೆಗೂ ರಾತ್ರಿ ಡೈಪರ್ ಹಾಕಿ, ಅದೇನೂ ತಪ್ಪಲ್ಲ. ನಿದ್ದೇಲಿ ಒಣಗಿರೋದು ಕಲಿಸಿ ಬರೋದಕ್ಕಿಂತ ದೇಹ ಬೆಳೆದು ಬರೋದು, ರಾತ್ರಿ ಮೂತ್ರ ಕಮ್ಮಿ ಮಾಡೋ ವಾಸೊಪ್ರೆಸ್ಸಿನ್ ಹಾರ್ಮೋನ್, ಮೂತ್ರಕೋಶದ ಅಳತೆ, ಎಚ್ಚರ ಆಗೋ ಶಕ್ತಿ ಎಲ್ಲಾ ಕೂಡಿ ಬರ್ಬೇಕು. 5 ವರ್ಷಕ್ಕೆ ಮುಂಚೆ ಯಾವ ಮಗುವಿಗೂ ಇದನ್ನ ಸಮಸ್ಯೆ ಅಂತ ಲೆಕ್ಕ ಹಾಕಲ್ಲ.

ಚೆನ್ನಾಗಿ ಕಲಿತಿದ್ದವನು ಇದ್ದಕ್ಕಿದ್ದಂಗೆ ಮತ್ತೆ ಚಡ್ಡೀಲಿ ಮಾಡ್ತಿದಾನೆ. ಡಾಕ್ಟರ್ ಹತ್ರ ಯಾವಾಗ ಹೋಗ್ಬೇಕು?

ಇಂಥದ್ದಕ್ಕೆ ಮೊದಲು ದೇಹ ನೋಡಿ, ಆಮೇಲೆ ಮನಸ್ಸು. ಮೂತ್ರದ ಸೋಂಕು, ಮತ್ತೆ ಬಂದ ಮಲಬದ್ಧತೆ, ಹೊಸ ಮಾತ್ರೆ, ಇವು ಮಾಮೂಲಿ ಕಾರಣಗಳು. ವಿಪರೀತ ಸಿಟ್ಟು, ಕಿರಿಕಿರಿಗೆ ಕೊಡೋ ರಿಸ್ಪೆರಿಡೋನ್ ಅನ್ನೋ ಔಷಧಿ ತಗೊಳ್ಳೋ ಕೆಲವು ಮಕ್ಕಳಿಗೆ ಮೂತ್ರ ಹಿಡಿತ ತಪ್ಪೋದು ಉಂಟು, ಆದ್ರೆ ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ, ಬರೆದುಕೊಟ್ಟವರಿಗೆ ಹೇಳಿ. ಸುಸ್ಸು ಮಾಡೋವಾಗ ಅಳೋದು, ಜ್ವರ, ಮಲದಲ್ಲಿ ರಕ್ತ, ಹೊಟ್ಟೆ ಉಬ್ಬಿ ವಾಂತಿ, ಕಾಲಲ್ಲಿ ಶಕ್ತಿ ಕಮ್ಮಿಯಾಗೋದು ಅಥವಾ ನಡಿಗೆ ಬದಲಾಗೋದು ಕಂಡ್ರೆ ತಡ ಮಾಡ್ಬೇಡಿ. ವಿಪರೀತ ಬಾಯಾರಿಕೆ, ವಿಪರೀತ ಸುಸ್ಸು, ತೂಕ ಇಳಿಯೋದು ಮೂರೂ ಒಟ್ಟಿಗೆ ಬಂದ್ರೆ ಅದು ಟೈಪ್ 1 ಡಯಾಬಿಟಿಸ್ ಇರಬಹುದು, ಅವತ್ತೇ ಹೋಗಿ. ದೇಹದ್ದು ಏನೂ ಇಲ್ಲ ಅಂತಾದ್ರೆ ಸ್ಕೂಲಲ್ಲಿ, ಮನೇಲಿ ಏನು ಬದಲಾಯ್ತು ಅಂತ ಹುಡುಕಿ, ಯಾರಾದ್ರೂ ಹೆದರಿಸಿದಾರಾ, ನೋಯಿಸಿದಾರಾ ಅನ್ನೋದನ್ನೂ ಬಿಡದೆ ನೋಡಿ.

ನಂಗೆ ಸಾಕಾಗಿದೆ. ಸ್ವಲ್ಪ ದಿನ ನಿಲ್ಲಿಸಿದ್ರೆ ಕಲಿತಿದ್ದೆಲ್ಲಾ ಹೋಗ್ಬಿಡುತ್ತಾ?

ನಿಲ್ಲಿಸಿ. ದಿನಾ ಎಂಟು ಸಲ ನೆಲ ಒರೆಸಿ, ಅಷ್ಟೇ ಸಲ ಬಟ್ಟೆ ಒಗೆದು, ಕೊನೆಗೆ ಮಗು ಮೇಲೆ ಕೈ ಎತ್ತೋ ಹಂತಕ್ಕೆ ಹೋಗೋದಕ್ಕಿಂತ ಒಂದು ತಿಂಗಳು ಡೈಪರ್ ಹಾಕೋದು ಸಾವಿರ ಪಾಲು ಮೇಲು, ನಾವು ಎರಡು ಸಲ ನಿಲ್ಲಿಸಿದ್ವಿ. ಆ ತಿಂಗಳಲ್ಲೂ ಡೈಪರ್ ಬದಲಾಯಿಸೋದನ್ನ ಮಾತ್ರ ಹಾಸಿಗೆ ಮೇಲೆ ಮಾಡ್ಬೇಡಿ, ಬಾತ್‌ರೂಮಲ್ಲೇ ನಿಲ್ಲಿಸಿ ಮಾಡಿ, ಮಲವನ್ನ ಅವನ ಎದುರೇ ಕಮೋಡ್‌ಗೆ ಹಾಕಿ, ಕೈ ತೊಳೆಸಿ. ಮಲಬದ್ಧತೆ ಔಷಧಿ ನಡೀತಿದ್ರೆ ಅದನ್ನ ನಿಲ್ಲಿಸ್ಬೇಡಿ. ಮನೇಲಿ ಇನ್ನೊಬ್ರಿದ್ರೆ ಬೆಳಗ್ಗೆ ಪಾಳಿ ಅವರಿಗೆ, ಸಂಜೆ ನಿಮಗೆ ಅಂತ ಹಂಚ್ಕೊಳ್ಳಿ. ಮತ್ತೆ ಶುರು ಮಾಡೋ ದಿನವನ್ನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಹಳೇ ಹಾಳೆ ತೆಗೆದು ಅವನ ಹೊತ್ತುಗಳನ್ನ ಇನ್ನೊಂದ್ಸಲ ನೋಡ್ಕೊಂಡು ಅಲ್ಲಿಂದಲೇ ಮುಂದುವರೆಸಿ.